ಮೂರು ಮನೆ ಆಚೆ

ಸೈಪ್ರೆಸ್ ಬೆಂಡ್, ಮಿಸಿಸಿಪ್ಪಿ
ಜನವರಿ ೨೦

ಮಗಾ ರೋಸ್ಕೋ,

ಫೋನು ಮಾಡದೆ ಮುದುಕಿ ಕಾಗದ ಯಾಕೆ ಗೀಚಿದ್ದಾಳೆ ಎಂದು ಹುಬ್ಬು ಗಂಟು ಹಾಕಬೇಡ. ಫೋನಿನಲ್ಲಿ ನನ್ನ ಕಿವಿಗೆ ಬೀಳುವುದು ಅರ್ಧ ಮಾತು. ಉಳಿದರ್ಧ ಕೇಳುವಷ್ಟರಲ್ಲಿ ನೀನು "ಮೀಟಿಂಗಿದೆ ಚಿಕ್ಕಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯನ್ನು ಹಾಗೆ ಮುಚ್ಚಿಸಲು ಬರುವುದಿಲ್ಲ. ನಾನು ಶಾಲೆಗೆ ಹೋದದ್ದು ಹತ್ತಿ ಬಿಡಿಸುವ ಕೆಲಸ ಇಲ್ಲದ ದಿನಗಳಲ್ಲಿ ಮಾತ್ರ. ಅಕ್ಷರ ಎಡವಿದ್ದರೆ ಎತ್ತಿ ನಿಲ್ಲಿಸಿಕೊಂಡು ಓದು.

ವಿಷಯ ನಿನಗೆ ಗೊತ್ತೇ ಇದೆ. ನನ್ನ ಮೊಮ್ಮಗ ಲವೆಲ್ ಕಾಲೇಜಿನಲ್ಲಿ ಇನ್ನೊಂದು ವರ್ಷ ಫುಟ್‌ಬಾಲ್ ಆಡುವುದು ಬಾಕಿ ಇರುವಾಗಲೇ ಡ್ರಾಫ್ಟಿಗೆ ಹೆಸರು ಕೊಟ್ಟು ಕೂತಿದ್ದಾನೆ. ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆಯುವ ಗಡುವೂ ದಾಟಿತು. ಇನ್ನು ಕಾಲೇಜು ತಂಡ ಅವನನ್ನು ಸೇರಿಸುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನಿಮ್ಮಂಥ ದೊಡ್ಡ ತಂಡಗಳು ಸರದಿಯ ಮೇಲೆ ದೇಶದ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ ಯಾರಾದರೂ ಅವನ ಹೆಸರು ಕೂಗಬೇಕು. ಕೂಗದಿದ್ದರೆ ಅವನಿಗಿರುವುದು ಮೀನಿನ ಕಾರ್ಖಾನೆ. ಅಲ್ಲಿ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಮೀನು ಸೀಳಿ ಸೀಳಿಯೇ ನಾನು ಮುದುಕಿಯಾದದ್ದು. ಈಗ ಬಿಸಿ ಪಾತ್ರೆ ಹಿಡಿದರೂ ಬೆರಳಿಗೆ ತಿಳಿಯುವುದಿಲ್ಲ. ಅವನ ತಾಯಿ, ನನ್ನ ಮಗಳು, ಸಾಯುವಾಗ ಅವಳಿಗೊಂದು ಮಾತು ಕೊಟ್ಟಿದ್ದೇನೆ. ಈ ಹುಡುಗ ಆ ಕಾರ್ಖಾನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು.

ನಿನ್ನೆ ಅರ್ಲೀನಳ ಕೂದಲಂಗಡಿಯಲ್ಲಿ ಟೀವಿ ಹಾಕಿಕೊಂಡು ಎಲ್ಲರೂ ಇದನ್ನೇ ಜಗಿಯುತ್ತಿದ್ದರು. ನಿಮ್ಮ ತಂಡಕ್ಕೆ ಈ ಸಲ ಒಬ್ಬ ಸೇಫ್ಟಿ ಬೇಕಂತೆ. ಎಲ್ಲರನ್ನೂ ದಾಟಿ ಚೆಂಡು ಹೊತ್ತು ಬಂದವನನ್ನು ಕೆಡವಲು ಹಿಂದೆ ನಿಲ್ಲುವ ಕೊನೆಯ ಕಾವಲಿನವನು. ಮೂರನೇ ಸುತ್ತಿನಲ್ಲಿ ಮೂವರಲ್ಲಿ ಒಬ್ಬನನ್ನು ಕರೆಯುತ್ತಾರಂತೆ: ನೆಬ್ರಾಸ್ಕಾದ ಹಳದಿ ಕೂದಲಿನ ಬೋಹಾನನ್, ಟೆಕ್ಸಸ್‌ನ ಸ್ಟಾಲ್ವರ್ತ್, ಇಲ್ಲವೇ ನಮ್ಮ ಲವೆಲ್.

"ಬೋಹಾನನ್ನೇ ಸರಿ ಕಣಕ್ಕಾ," ಎಂದಳು ಅರ್ಲೀನ್, ನನ್ನ ಜುಟ್ಟು ಅವಳ ಕೈಯಲ್ಲಿದೆ ಎಂಬ ಧೈರ್ಯದಲ್ಲಿ. "ಎತ್ತರ ನೋಡು, ದೀಪದ ಕಂಬ ಇದ್ದಂಗವ್ನೆ."

"ಕಂಬಕ್ಕೆ ಬಲ್ಬು ಕಟ್ಬೋದು. ಓಡೋನನ್ನ ಅಡ್ಡ ಹಾಕಕ್ಕಾಯ್ತದಾ?" ಎಂದೆ.

"ಹಂಗಾದ್ರೆ ಆ ಟೆಕ್ಸಸ್ ಹುಡುಗ?"

"ಒಬ್ಬನ್ನ ಬೀಳಿಸಿದ್ರೆ ಮೈದಾನ ಪೂರ್ತಿ ಕುಣೀತಾನೆ. ಅವನು ಕುಣಿದು ಮುಗಿಸೋವರ್ಗೂ ಆಟ ನಿಲ್ಲಿಸ್ತಾರಾ?"

ಅಂಗಡಿಯವರೆಲ್ಲ ನಕ್ಕರು. ಅಲ್ಲಿ ನಕ್ಕರೆ ಏನು ಬಂತು? ಆರಿಸುವವರು ನಿಮ್ಮ ಕೋಣೆಯಲ್ಲಿ ಇದ್ದಾರೆ. ಊರೂರು ತಿರುಗಿ ಹುಡುಗರ ಆಟ ನೋಡಿ ಬಂದು ಆ ಕೋಣೆಯಲ್ಲಿ ಹೇಳುವುದೇ ನಿನ್ನ ಕೆಲಸ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ನನ್ನ ಅಡುಗೆಮನೆಯಲ್ಲಿ ಬೆಳೆದವನು. ನನ್ನ ಹಂದಿಮೂಳೆ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಅದ್ದಿ ತಿಂದ ಬಾಯಿಂದ ಒಂದು ಮಾತು ಹೊರಡಲಿ.

ನಿಮ್ಮಣ್ಣ ಆಲ್ಟನ್ ಚೆನ್ನಾಗಿದ್ದಾನೆ. ಭಾನುವಾರ ತಟ್ಟೆ ಕಳಿಸಿದೆ. ತಿಂದ.

ನಿನ್ನ
ಓಜೆಲ್ಲಾ ಚಿಕ್ಕಮ್ಮ


ಫೆಬ್ರವರಿ ೧೧

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಮೂರು ಊರು ಸುತ್ತಿ ನನಗೆ ಸಿಕ್ಕಿತು. ನಾನು ಇದಕ್ಕೆ ಉತ್ತರ ಬರೆಯಲೇಬಾರದು. ಲವೆಲ್ ನಮ್ಮ ಬೀದಿಯವನೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಅವನ ಹೆಸರು ಬಂದಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಕಾಫಿ ಲೋಟ ನೋಡುತ್ತೇನೆ.

ಅವನ ಆಟದ ಬಗ್ಗೆ ತಕರಾರಿಲ್ಲ. ಅವನ ಕಾಲು, ಭುಜ, ಧೈರ್ಯ ಎಲ್ಲಕ್ಕೂ ಒಳ್ಳೆಯ ಮಾತೇ ಬಂದಿದೆ. ತಕರಾರು ಬೇರೆ. ಆಟದ ಋತು ಶುರುವಾಗುವ ಮೊದಲು ಕಾಲೇಜಿನಲ್ಲಿ ಎಲ್ಲ ಆಟಗಾರರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಪರೀಕ್ಷೆ ಮಾಡುತ್ತಾರೆ. ಒಂದಿಷ್ಟು ಪದ ತೋರಿಸಿ ನೆನಪಿದೆಯೇ ಎಂದು ಕೇಳುವುದು, ಆಕಾರಗಳನ್ನು ಗುರುತಿಸುವುದು, ಹೀಗೆ. ಲವೆಲ್ ಅದರಲ್ಲಿ ತೀರಾ ಕೆಳಗಿದ್ದಾನೆ. ನಮ್ಮ ಮುಖ್ಯ ತರಬೇತುದಾರರು ಆ ಅಂಕೆ ನೋಡಿ, "ಇವನಿಗೆ ನಮ್ಮ ಆಟದ ಪಾಠ ತಲೆಗೆ ಹತ್ತಲ್ಲ, ಹುಡುಗ ಮಂದ" ಎಂದರು. ಬೋಹಾನನ್ ಕಡೆ ವಾಲುತ್ತಿದ್ದಾರೆ.

ನಾನು ಇಷ್ಟು ಬರೆದದ್ದೇ ತಪ್ಪು. ಆದರೂ ಕೇಳುತ್ತೇನೆ. ನಾನು ಊರು ಬಿಟ್ಟಾಗ ಅವನು ತೊಟ್ಟಿಲಲ್ಲಿದ್ದ. ಹುಡುಗ ಓದಿನಲ್ಲಿ ಹೇಗಿದ್ದ?

ನಿಮ್ಮ
ರೋಸ್ಕೋ


ಫೆಬ್ರವರಿ ೧೯

ರೋಸ್ಕೋ,

ಮಂದನೇ? ಮಂದ ಎಂದವನನ್ನು ನನ್ನ ಮುಂದೆ ತಂದು ಕೂರಿಸು. ಡಾಮಿನೋ ಕಾಯಿ ಚೆಲ್ಲಿ ನಮ್ಮ ಲವೆಲ್ ಎದುರು ಒಂದಾಟ ಆಡಿಸೋಣ. ಮೂರು ಕಾಯಿ ಮೇಜಿಗೆ ಬೀಳುವಷ್ಟರಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಹುಡುಗ ಹೇಳಿಬಿಡುತ್ತಾನೆ. ಹಲ್ಲು ಬೀಳುವ ವಯಸ್ಸಿನಿಂದಲೂ ಅಷ್ಟೇ. ಈ ಬೀದಿಯಲ್ಲಿ ಅವನನ್ನು ಸೋಲಿಸಿದವರಿಲ್ಲ. ನಾನಂತೂ ಒಮ್ಮೆಯೂ ಇಲ್ಲ. ಸೋತಾಗಲೆಲ್ಲ ಕಾಯಿ ಎತ್ತಿ ಎಸೆದಿದ್ದೇನೆ, ಅಷ್ಟೇ ನನ್ನ ಪ್ರತಾಪ.

ಬೈಬಲಿನ ಪುಸ್ತಕಗಳ ಹೆಸರನ್ನು ಹಿಂದಿನಿಂದ ಮುಂದಕ್ಕೆ ಹೇಳಿ ನಮ್ಮ ಪಾದ್ರಿಯನ್ನೇ ಬೆವರಿಸಿದವನು ಅವನು. ಮೈದಾನದಲ್ಲಿ ನೋಡಿಲ್ಲವೇ ನೀನು? ಹಿಂದೆ ನಿಂತು, "ನೀನು ಎಡಕ್ಕೋಗು, ನೀನು ಮುಂದಕ್ಕೆ ಬಾ" ಎಂದು ಮಿಕ್ಕ ಹತ್ತು ಜನರನ್ನೂ ನಿಲ್ಲಿಸುವವನು ಯಾರು? ಮಂದನೊಬ್ಬ ಹೇಳಿದ್ದನ್ನು ಹತ್ತು ಜನ ಕೇಳುತ್ತಾರಾ?

ನೀವೂ ಒಂದು ಚೆಂದ. ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ತೂಕ ಹಾಕುತ್ತೀರಿ, ಅಂಗೈ ಅಗಲ ಅಳೆಯುತ್ತೀರಿ, ಹೇಸರಗತ್ತೆ ಕೊಳ್ಳುವವರ ಹಾಗೆ ಬಾಯಿ ತೆರೆಸಿ ನೋಡುತ್ತೀರಿ. ನನ್ನ ಮುತ್ತಜ್ಜಿಯ ತಾಯಿಯನ್ನೂ ಹೀಗೇ ಗುಲಾಮರ ಹರಾಜಿನ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಇವನು ತಾನಾಗಿ ಹೋಗಿ ನಿಂತಿದ್ದಾನೆ, ಅದೊಂದೇ ವ್ಯತ್ಯಾಸ. ನಿಂತಮೇಲೆ ಮಂದ ಎಂದು ಕೆಳಗಿಳಿಸಬೇಡಿ.

ಮುಂದಿನ ತಿಂಗಳು ಅವನು ಮನೆಗೆ ಬರುತ್ತಾನೆ. ಆ ಪರೀಕ್ಷೆಯ ಕತೆ ಏನೆಂದು ನಾನೇ ಕೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ತರಬೇತುದಾರರ ಬಾಯಿಗೆ ಏನಾದರೂ ತುರುಕು.

ಆಲ್ಟನ್ ಚೆನ್ನಾಗಿದ್ದಾನೆ.

ಓಜೆಲ್ಲಾ ಚಿಕ್ಕಮ್ಮ


ಮಾರ್ಚ್ ೧೫

ಮಗಾ ರೋಸ್ಕೋ,

ಗೆದ್ದೆವು ಕಣೋ! ಕೂತುಕೊಂಡು ಓದು.

ಲವೆಲ್ ಬಂದಿದ್ದಾನೆ. ಬೆಳಿಗ್ಗೆ ಅವನ ಮುಂದೆ ಗ್ರಿಟ್ಸ್ ಗಂಜಿ ಇಟ್ಟು, ನಿನ್ನ ಹೆಸರೆತ್ತದೆ ಸುಮ್ಮನೆ ಕೇಳಿದೆ: "ಏನೋ, ಅದ್ಯಾವುದೋ ಕಂಪ್ಯೂಟರ್ ಪರೀಕ್ಷೇಲಿ ದಡ್ಡ ಅನ್ನಿಸ್ಕಂಡಿದೀಯಂತಲ್ಲೋ?"

ಹುಡುಗ ಚಮಚ ಕೆಳಗಿಟ್ಟು ನಗಲು ಶುರುಮಾಡಿದ. "ಅಯ್ಯೋ ಅಜ್ಜಿ, ಅದು ಬೇಕಂತ ಮಾಡಿದ್ದು. ಎಲ್ರೂ ಮಾಡ್ತಾರೆ. ಆಟ ಶುರುವಾಗೋಕೆ ಮುಂಚೆ ಕೂರಿಸ್ತಾರಲ್ಲ, ಆಗ ತಪ್ಪು ತಪ್ಪೇ ಒತ್ತಬೇಕು. ಆಮೇಲೆ ಯಾವತ್ತಾದ್ರೂ ತಲೆ ಗಿಂ ಅಂದು ಮತ್ತೆ ಕೂರಿಸಿದ್ರೂ ನಂಬರು ಅಷ್ಟೇ ಬರ್ತದೆ. ನೆಟ್ಟಗಿದಾನೆ, ಹೋಗಿ ಆಡ್ಲಿ ಅಂತಾರೆ. ಇಲ್ದಿದ್ರೆ ಬೆಂಚಿನ ಮೇಲೆ ಕೂರಿಸ್ತಾರೆ."

"ಅಂದ್ರೆ ಯಂತ್ರಕ್ಕೇ ಟೋಪಿ ಹಾಕಿದ್ಯಾ?"

"ಯಂತ್ರಕ್ಕೂ ಹಾಕ್ದೆ, ಡಾಕ್ಟ್ರಿಗೂ ಹಾಕ್ದೆ," ಎಂದ.

ಕೇಳಿದೆಯಾ? ಸರಿಯಾದ ಉತ್ತರ ಗೊತ್ತಿದ್ದವನಿಗೆ ತಾನೇ ಬೇಕೆಂದೇ ತಪ್ಪು ಉತ್ತರ ಹೇಳಲು ಬರುವುದು? ಓದಿದ ಡಾಕ್ಟರರನ್ನು ಬೇಸ್ತು ಬೀಳಿಸಿದ ಹುಡುಗನನ್ನು ಮಂದ ಎನ್ನುತ್ತೀರಲ್ಲ! ಈ ಕಾಗದವನ್ನು ನಿಮ್ಮ ತರಬೇತುದಾರರಿಗೆ ತೋರಿಸು, ಬೇಕಾದರೆ ಗಟ್ಟಿಯಾಗಿ ಓದು. ನೆಬ್ರಾಸ್ಕಾದ ಕಂಬಕ್ಕೆ ಇಷ್ಟು ಬುದ್ಧಿ ಇದೆಯಾ ಕೇಳು.

ಸಂತೋಷಕ್ಕೆ ಪೀಚ್ ಹಣ್ಣಿನ ಕಡುಬು ಮಾಡಿದ್ದೇನೆ. ಆಲ್ಟನ್‌ಗೂ ಕಳಿಸಿದೆ.

ಓಜೆಲ್ಲಾ ಚಿಕ್ಕಮ್ಮ


ಮಾರ್ಚ್ ೨೩

ಚಿಕ್ಕಮ್ಮ,

ಇದನ್ನು ನನಗೆ ಯಾಕೆ ಬರೆದಿರಿ?

ಹುಡುಗರು ಹೀಗೆ ಮಾಡುತ್ತಾರೆಂದು ಗಾಳಿಮಾತು ಕೇಳಿದ್ದೆ. ಲವೆಲ್ ಮಾಡಿದ್ದಾನೆಂದು ಅನ್ನಿಸಿರಲಿಲ್ಲ. ಅವನ ಕಡತವನ್ನು ಮತ್ತೆ ತೆಗೆಸಿ ನೋಡಿದೆ. ಎರಡು ಪಂದ್ಯಗಳಲ್ಲಿ ತಲೆಗೆ ಪೆಟ್ಟು ಬಿದ್ದು ಮತ್ತೆ ಅದೇ ಪರೀಕ್ಷೆ ಮಾಡಿದ್ದಾರೆ. ಎರಡು ಸಲವೂ ಮೊದಲಿನ ಅಂಕೆಯೇ ಬಂದಿದೆ, ಏನೂ ಆಗಿಲ್ಲ ಎಂದು ಬರೆದು ಮತ್ತೆ ಆಡಲು ಬಿಟ್ಟಿದ್ದಾರೆ. ಅರ್ಥವಾಯಿತೇ? ಮೊದಲ ಸಲ ಅವನು ಬೇಕೆಂದು ದಡ್ಡನಾದ. ಆಮೇಲಿನ ಎರಡು ಸಲ ಅವನು ನಟಿಸುತ್ತಿರಲಿಲ್ಲ, ಚಿಕ್ಕಮ್ಮ. ನಿಜವಾಗಿ ಅಷ್ಟು ಕೆಳಗೆ ಇಳಿದಿದ್ದ.

ಕೋಣೆಯಲ್ಲಿ ಅವನು ಮಂದನಾಗಿಯೇ ಇದ್ದಿದ್ದರೆ ನಾಲ್ಕನೇ ಸುತ್ತಿಗಾದರೂ ಯಾರೋ ತೆಗೆದುಕೊಳ್ಳುತ್ತಿದ್ದರು. ಮಂದನಿಗೆ ಪಾಠ ಹೇಳಿಕೊಡಬಹುದು. ಪೆಟ್ಟು ತಿಂದ ತಲೆ ಎಂದರೆ ಯಾರೂ ಮುಟ್ಟುವುದಿಲ್ಲ. ನಾನು ಬಾಯಿಬಿಟ್ಟರೆ ಅವನ ದಾರಿ ಮುಚ್ಚಿತು. ಬಿಡದಿದ್ದರೆ, ಕೊನೆಯ ಕಾವಲಿನವನು ಹೇಗೆ ಕೆಡವುತ್ತಾನೆಂದು ನೀವೇ ನೋಡಿದ್ದೀರಿ. ದೂರದಿಂದ ಓಡಿಬಂದು ತಲೆ ಮುಂದೆ ಮಾಡಿ ನುಗ್ಗುತ್ತಾನೆ.

ಹುಡುಗ ಈಗ ನಿಮ್ಮ ಕಣ್ಣೆದುರೇ ಇದ್ದಾನೆ. ಹೇಗಿದ್ದಾನೆ? ನೀವು ಪ್ರತಿ ಕಾಗದದಲ್ಲೂ ಅಣ್ಣ ಚೆನ್ನಾಗಿದ್ದಾನೆ ಎಂದು ಬರೆಯುತ್ತೀರಲ್ಲ, ಹಾಗಲ್ಲ. ನಿಜ ಬರೆಯಿರಿ.

ರೋಸ್ಕೋ


ಏಪ್ರಿಲ್ ೨

ರೋಸ್ಕೋ,

ಆ ಕಾಗದವನ್ನು ಒಲೆಗೆ ಹಾಕು. ಹುಡುಗ ತಮಾಷೆ ಮಾಡಿದ್ದ, ನನ್ನ ಅರೆಗಿವಿ ಏನೋ ಕೇಳಿಸಿಕೊಂಡಿತು, ನಾನು ಏನೋ ಬರೆದೆ. ಓದಿಲ್ಲದ ಮುದುಕಿಯ ಮಾತು ನಂಬಿ ಒಂದು ಮಗುವಿನ ಬಾಳು ಮುಚ್ಚುತ್ತಾರಾ ಯಾರಾದರೂ?

ಲವೆಲ್ ಕಲ್ಲುಗುಂಡಿನ ಹಾಗಿದ್ದಾನೆ. ಬೆಳಿಗ್ಗೆ ಎದ್ದು ಶಾಲೆಯ ಮೈದಾನದಲ್ಲಿ ಓಡಿ ಬರುತ್ತಾನೆ. ಬಂದವನು ಪರದೆ ಎಳೆದುಕೊಂಡು ಮಲಗುತ್ತಾನೆ, ಬಿಸಿಲು ಕಣ್ಣಿಗೆ ಚುಚ್ಚುತ್ತದಂತೆ. ಈ ತಿಂಗಳು ಮರಗಳೆಲ್ಲ ಹೂಪುಡಿ ಉದುರಿಸುತ್ತವೆ, ಎಲ್ಲರ ಕಣ್ಣೂ ಹಾಗೇ. ನಿನ್ನೆ ಗಂಜಿಗೆ ಉಪ್ಪು ಹಾಕಿ, ಮತ್ತೆ ಉಪ್ಪು ಹಾಕಿದ. ಅವನ ತಾತನಿಗೂ ಉಪ್ಪು ಜಾಸ್ತಿಯೇ ಬೇಕಿತ್ತು.

ಸಂಜೆ ಡಾಮಿನೋ ಆಡಿದೆವು. ಪಾಪ, ಮುದುಕಿಯ ಮನಸ್ಸು ನೋಯಿಸಬಾರದೆಂದು ನನಗೆ ಗೆಲ್ಲಲು ಬಿಟ್ಟ.

ನಿಮ್ಮ ಕೋಣೆಯಲ್ಲಿ ಏನಾದರೂ ಹೇಳಲೇಬೇಕಿದ್ದರೆ ಬೋಹಾನನ್ ಬಗ್ಗೆ ಹೇಳು. ಅವನು ಗುದ್ದುವ ಮೊದಲು ಕಣ್ಣು ಮುಚ್ಚುತ್ತಾನೆ, ನಾನೇ ಟೀವಿಯಲ್ಲಿ ನೋಡಿದ್ದೇನೆ. ಆ ಟೆಕ್ಸಸ್‌ನವನ ಮಂಡಿ ನೆಟ್ಟಗಿಲ್ಲ. ಅವರಿಬ್ಬರಲ್ಲಿ ನೂರು ಐಬಿದೆ. ಅವರನ್ನು ಬಿಡಿಸು, ನಮ್ಮವನನ್ನು ಸೇರಿಸು. ನಿನ್ನ ಕಾಲು ಹಿಡಿಯುತ್ತೇನೆ ರೋಸ್ಕೋ. ಯಾರ ಕಾಲನ್ನೂ ಹಿಡಿಯದವಳು ನಾನು, ಅದು ನಿನಗೆ ಗೊತ್ತು.

ಓಜೆಲ್ಲಾ


ಏಪ್ರಿಲ್ ೯

ಚಿಕ್ಕಮ್ಮ,

ಬೋಹಾನನ್ ಕಣ್ಣು ಮುಚ್ಚುವುದಿಲ್ಲ. ಅವನ ಆಟವನ್ನೆಲ್ಲ ನಿಧಾನಗತಿಯಲ್ಲಿ ನೋಡಿದ್ದೇನೆ.

ಲವೆಲ್ ಯಾವತ್ತು ಬೇಕೆಂದು ಸೋತಿದ್ದಾನೆ? ಅಜ್ಜಿ ಅಳುತ್ತಿದ್ದರೂ ಕಾಯಿ ಬಿಟ್ಟುಕೊಡುತ್ತಿರಲಿಲ್ಲ ಎಂದು ನೀವೇ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಿರಿ.

ಇಪ್ಪತ್ತೈದಕ್ಕೆ ಕೊನೆಯ ಚರ್ಚೆ. ಅಷ್ಟರೊಳಗೆ ನಿಮ್ಮ ಉತ್ತರ ಬರದಿದ್ದರೆ, ಮಾರ್ಚ್ ತಿಂಗಳ ಕಾಗದ ನನಗೆ ತಲುಪಲೇ ಇಲ್ಲ ಎಂದುಕೊಳ್ಳುತ್ತೇನೆ. ನನ್ನ ಕೈಲಿ ಮಾಡಲಾಗುವುದು ಇಷ್ಟೇ. ಇದೂ ಸರಿಯಲ್ಲ ಎಂದು ಗೊತ್ತು.

ಅಣ್ಣನನ್ನು ಮೊದಲ ಸಲ ಮೈದಾನದಿಂದ ಎತ್ತಿಕೊಂಡು ಬಂದಾಗ ನಾನು ಬೇಲಿಗೆ ಒರಗಿ ಚಪ್ಪಾಳೆ ತಟ್ಟುತ್ತಿದ್ದೆ. ಅವನು ಎದ್ದು ಕೂತ ಎಂಬ ಖುಷಿಗೆ.

ರೋಸ್ಕೋ


ಏಪ್ರಿಲ್ ೧೮

ಮಗಾ ರೋಸ್ಕೋ,

ನಿನ್ನೆ ಭಾನುವಾರ. ಚರ್ಚಿನಿಂದ ಬಂದು ಅಡುಗೆ ಮಾಡಿ, ಆಲ್ಟನ್‌ನ ತಟ್ಟೆಗೆ ಕೋಳಿ, ಕಾಲರ್ಡ್ ಸೊಪ್ಪು, ರೊಟ್ಟಿ ಹಾಕಿ, ಮೇಲೆ ಬೆಳ್ಳಿ ಕಾಗದ ಮುಚ್ಚಿ ಲವೆಲ್ ಕೈಗೆ ಕೊಟ್ಟೆ. ನಡೆಯಲು ಕಲಿತಾಗಿನಿಂದ ಆ ತಟ್ಟೆ ಒಯ್ಯುವವನು ಅವನೇ. ಮೂರು ಮನೆ ಆಚೆ. ನಡುವೆ ರಸ್ತೆಯಿಲ್ಲ, ತಿರುವಿಲ್ಲ.

ನಾನು ಬಾಣಲೆ ತೊಳೆದೆ. ಹುಡುಗ ಬರಲಿಲ್ಲ. ಆಲ್ಟನ್ ಜೊತೆ ಮಾತಿಗೆ ಕೂತನೇನೋ ಎಂದು ಜಗಲಿಗೆ ಬಂದು ನೋಡಿದೆ. ಲವೆಲ್ ಬೀದಿಯ ಕೊನೆಯಲ್ಲಿ, ಪೆಕಾನ್ ಮರದ ಹತ್ತಿರ, ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ. ಚಪ್ಪಲಿ ಕೂಡ ಹಾಕದೆ ಹೋದೆ. ನನ್ನನ್ನು ನೋಡಿ ಮುಖ ಅರಳಿಸಿದ.

"ಅಜ್ಜಿ, ಆಲ್ಟನ್ ಮಾಮ ಮನೆ ಬಿಟ್ಟು ಹೋದ್ರಾ?"

ಕೈ ಹಿಡಿದು ವಾಪಸು ಕರೆದುಕೊಂಡು ಬಂದೆ. ನಿಮ್ಮಣ್ಣ ತನ್ನ ಜಗಲಿಯಲ್ಲಿ, ಅದೇ ಕುರ್ಚಿಯಲ್ಲಿ ಕೂತಿದ್ದ. ನಮ್ಮಿಬ್ಬರನ್ನೂ ನೋಡಿ ಎಂದಿನಂತೆ ಕೂಗಿದ: "ಯಾರ್ ಗೆದ್ರೋ?"

ಲವೆಲ್ ಅಲ್ಲೇ ನಿಂತುಬಿಟ್ಟ. ಆ ಮನೆ ನೋಡಿದ, ಆಲ್ಟನ್‌ನ ಮುಖ ನೋಡಿದ. ತಟ್ಟೆ ನನ್ನ ಕೈಗೆ ಕೊಟ್ಟು, "ಯಾರಿಗೂ ಹೇಳ್ಬೇಡ ಅಜ್ಜಿ. ಡ್ರಾಫ್ಟ್ ಆಗೋವರ್ಗೂ ಹೇಳ್ಬೇಡ. ಆಮೇಲೆ ಸರಿಹೋಗ್ತದೆ," ಎಂದ. ಇಷ್ಟೆತ್ತರದ ಗಂಡಸು, ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ, ಚಿಕ್ಕವನಿದ್ದಾಗ ಏಪ್ರನ್ ಹಿಡಿಯುತ್ತಿದ್ದನಲ್ಲ, ಹಾಗೆ. ನಾನು ಆಯಿತು ಎಂದೆ.

ಈಗ ನಿನಗೆ ಬರೆಯುತ್ತಿದ್ದೇನೆ.

ಆರಿಸಬೇಡಿ ಅವನನ್ನು. ನಿಮ್ಮ ತಂಡಕ್ಕೂ ಬೇಡ, ಯಾವ ತಂಡಕ್ಕೂ ಬೇಡ. ಕೋಣೆಯಲ್ಲಿ ಎದ್ದು ನಿಂತು ಹೇಳು. ಆ ಕಾರ್ಖಾನೆಯ ಬಾಗಿಲವರೆಗೂ ನಾನೇ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಮೀನು ಸೀಳಲಿ. ಮನೆಗೆ ಬರುವ ದಾರಿ ಗೊತ್ತಿದ್ದರೆ ಸಾಕು. ಮಗಳಿಗೆ ನಾನು ಮೇಲೆ ಹೋದಮೇಲೆ ಉತ್ತರ ಹೇಳಿಕೊಳ್ಳುತ್ತೇನೆ.

ಬೋಹಾನನ್‌ನನ್ನು ಕರೆಯಿರಿ. ಇಲ್ಲ, ತಡಿ. ಅವನಿಗೂ ಒಬ್ಬಳು ಅಜ್ಜಿ ಇರಬಹುದು. ಅವಳನ್ನು ಮೊದಲು ಕೇಳಿ.

ಆಲ್ಟನ್ ಚೆನ್ನಾಗಿಲ್ಲ. ಯಾವತ್ತೂ ಇರಲಿಲ್ಲ.

ಚಿಕ್ಕಮ್ಮ


ಮೇ ೧

ರೋಸ್ಕೋ ಪೆಟಿಗ್ರೂ,

ಏನು ಮಾಡಿದೆ ನೀನು?

ಶುಕ್ರವಾರ ಸಂಜೆ ನನ್ನ ಮನೆಯಲ್ಲಿ ಬೀದಿಯೆಲ್ಲ ತುಂಬಿತ್ತು. ನಾನು ಕರೆದಿರಲಿಲ್ಲ. ಅರ್ಲೀನ್ ಮೀನು ಕರಿಯುತ್ತಿದ್ದಳು, ಪಾದ್ರಿ ಸೋಫಾದ ತೋಳಿನ ಮೇಲೆ ಕೂತಿದ್ದರು. ನಿಮ್ಮ ತಂಡದ ಸರದಿ ಬಂತು, ಬೋಹಾನನ್ ಎಂದರು. ಮನೆ ಪೂರ್ತಿ "ಥೂ" ಎಂದಿತು. ನಾನೊಬ್ಬಳೇ ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡು, ಹೇಳಿದ ನನ್ನ ಮಗ, ಹೇಳಿಬಿಟ್ಟ, ಎಂದು ನಿನಗೆ ಹರಸಿದೆ.

ಆಮೇಲೆ ಲವೆಲ್ ಫೋನು ಹೊಡೆದುಕೊಂಡಿತು. ಬೇರೆ ತಂಡ. ನಿಮ್ಮ ನಂತರ ಮೂರನೇ ಸರದಿಯವರು.

ಕಿರುಚಿದ ಸದ್ದಿಗೆ ಗೋಡೆಯ ಪಟ ಬಿತ್ತು. ಹುಡುಗ ನನ್ನನ್ನು ಎತ್ತಿ ತಿರುಗಿಸಿದ. ಕೆಳಗಿಳಿಸಿದ ಕೂಡಲೇ ನನ್ನ ಮಂಡಿ ಮಡಚಿಕೊಂಡಿತು. "ಓಜೆಲ್ಲಾ ದೇವರಿಗೆ ವಂದಿಸ್ತಾ ಇದಾಳೆ!" ಎಂದು ಪಾದ್ರಿ ಕೂಗಿದರು. ಎಲ್ಲರೂ ನನ್ನ ಸುತ್ತ ಮಂಡಿಯೂರಿ ಹಾಡಿದರು.

ನೀನು ಹೇಳಿದೆಯಾ, ಇಲ್ಲವಾ?

ಓಜೆಲ್ಲಾ ಟಿಲ್ಮನ್


ಮೇ ೭

ಚಿಕ್ಕಮ್ಮ,

ಹೇಳಿದೆ. ಎದ್ದು ನಿಂತೇ ಹೇಳಿದೆ. ಗೋಡೆಯ ಹಲಗೆಯಿಂದ ಅವನ ಹೆಸರಿನ ಪಟ್ಟಿ ಕಿತ್ತು ಮೇಜಿನ ಮೇಲೆ ಕವುಚಿಟ್ಟರು.

"ಮಿಕ್ಕ ತಂಡಗಳಿಗೂ ತಿಳಿಸಬೇಕು," ಎಂದೆ. ತರಬೇತುದಾರರು ನಕ್ಕರು. "ನಮಗೆ ಗೊತ್ತಿರೋದನ್ನ ಪಕ್ಕದವರಿಗೆ ಯಾಕಯ್ಯಾ ಹೇಳ್ಬೇಕು? ಅವರು ತಗೊಂಡ್ರೆ ಅವರದೊಂದು ಸರದಿ ಹಾಳು. ನಮಗೆ ಒಳ್ಳೇದೇ ಅಲ್ವಾ?" ಎಂದರು. ಎಲ್ಲ ಕೋಣೆಗಳಲ್ಲೂ ಹಾಗೇ ನಡೆಯುವುದು. ಕೋಣೆಯ ಮಾತು ಬಾಗಿಲು ದಾಟಬಾರದು. ದಾಟಿಸಿದವನಿಗೆ ಯಾವ ತಂಡದಲ್ಲೂ ಕುರ್ಚಿ ಇಲ್ಲ. ಈ ಕಸುಬಿಗೆ ಬಂದಾಗಿನಿಂದ ನಾನೂ ಅದನ್ನೇ ಪಾಲಿಸಿದ್ದೇನೆ. ಆದ್ದರಿಂದಲೇ ಇಷ್ಟು ವರ್ಷ ನನ್ನನ್ನು ಇಟ್ಟುಕೊಂಡಿದ್ದಾರೆ.

ಲವೆಲ್‌ನನ್ನು ಕರೆದ ತಂಡದಲ್ಲಿ ನನಗೆ ಗೊತ್ತಿರುವವನಿದ್ದಾನೆ. ಅವರ ಸರದಿ ಬರುವಾಗ ನನ್ನ ಕೈಯಲ್ಲಿ ಫೋನಿತ್ತು. ಅವನ ಹೆಸರು ತೆಗೆದೂ ಇದ್ದೆ.

ಒತ್ತಲಿಲ್ಲ ಚಿಕ್ಕಮ್ಮ.

ರೋಸ್ಕೋ


ಮೇ ೨೪

ಪ್ರೀತಿಯ ಅಜ್ಜಿ,

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ ಅಂತ ಬರೆಯುತ್ತಿದ್ದೇನೆ. ಇಲ್ಲಿ ಸರೋವರದ ಮೇಲಿಂದ ತಣ್ಣನೆಯ ಗಾಳಿ ಬರುತ್ತದೆ, ನೀನು ಹೆಣೆದ ಟೊಪ್ಪಿ ಹಾಕಿಕೊಳ್ಳುತ್ತೇನೆ.

ಎಲ್ಲ ಚೆನ್ನಾಗಿದೆ. ಮೊನ್ನೆ ಇಲ್ಲಿಯ ಡಾಕ್ಟರರು ಅದೇ ಕಂಪ್ಯೂಟರ್ ಪರೀಕ್ಷೆ ಮಾಡಿದರು. ಈ ಸಲ ನಾನು ಬೇಕೆಂದು ತಪ್ಪು ಒತ್ತಲಿಲ್ಲ ಅಜ್ಜಿ, ಆಣೆಗೂ ಇಲ್ಲ. ಮಂದ ಅನ್ನಿಸಿಕೊಳ್ಳಬಾರದೆಂದು ಬೆವರು ಸುರಿಸಿ ಮಾಡಿದೆ. ಆದರೂ ನಂಬರು ಅಷ್ಟೇ ಬಂತು. ಡಾಕ್ಟರರಿಗೆ ಖುಷಿಯಾಯಿತು. ಹಳೆಯದಕ್ಕೆ ಸರಿಯಾಗಿ ಹೊಂದಿತು, ಏನೂ ಬದಲಾಗಿಲ್ಲ, ಜುಲೈನಿಂದ ಹೆಲ್ಮೆಟ್ ಹಾಕಿ ಆಡಬಹುದು ಎಂದರು.

ನೀನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತು. ನೀನಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ನಿನ್ನ
ಲವೆಲ್

ಹೇಳಲು ಮರೆತೆ: ಇಲ್ಲಿ ಸರೋವರದ ಮೇಲಿಂದ ತಣ್ಣನೆಯ ಗಾಳಿ ಬರುತ್ತದೆ, ನೀನು ಹೆಣೆದ ಟೊಪ್ಪಿ ಹಾಕಿಕೊಳ್ಳುತ್ತೇನೆ.


ಸೈಪ್ರೆಸ್ ಬೆಂಡ್, ಮಿಸಿಸಿಪ್ಪಿ
ಮೇ ೩೦

ತಂಡದ ಡಾಕ್ಟರರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನು ಓಜೆಲ್ಲಾ ಟಿಲ್ಮನ್, ನೀವು ಮೂರನೇ ಸುತ್ತಿನಲ್ಲಿ ಕರೆದ ಲವೆಲ್‌ನ ಅಜ್ಜಿ. ಅವನನ್ನು ಸಾಕಿದವಳು.

ನನ್ನ ಮೊಮ್ಮಗ ಮಂದನಲ್ಲ. ಇದನ್ನು ಮೊದಲು ಬರೆದುಕೊಳ್ಳಿ. ಕಾಲೇಜಿನಲ್ಲಿ ಮೊದಲ ಪರೀಕ್ಷೆಗೆ ಕೂತಾಗ ಬೇಕೆಂದೇ ತಪ್ಪು ಉತ್ತರ ಒತ್ತಿದ. ಆಡುವ ಹುಡುಗರೆಲ್ಲ ಹೀಗೆ ಮಾಡುತ್ತಾರಂತೆ. ಮೊನ್ನೆ ನಿಮ್ಮ ಮುಂದೆ ಕೂತಾಗ ಪ್ರಾಣ ಹೋಗುವಷ್ಟು ಪ್ರಯತ್ನಪಟ್ಟು ಸರಿಯಾಗಿ ಮಾಡಿದ. ಎರಡೂ ಒಂದೇ ಬಂತು ಎಂದು ನೀವು ಸಂತೋಷಪಟ್ಟಿರಂತೆ. ನಾನು ಓದಿದವಳಲ್ಲ. ನೀವು ಓದಿದವರು. ಎರಡೂ ಒಂದೇ ಬಂದದ್ದು ಯಾಕೆಂದು ಇನ್ನೊಮ್ಮೆ ಯೋಚಿಸಿ.

ಇದನ್ನು ಬರೆದವಳು ನಾನೇ ಎಂದು ಅವನಿಗೆ ಹೇಳಿ. ಹೆಸರು ಮುಚ್ಚಬೇಡಿ. ಅವನು ಮತ್ತೆ ಈ ಮನೆಗೆ ಬರುವುದಿಲ್ಲ, ನನ್ನ ಸಾವಿಗೂ ಬರಲಿಕ್ಕಿಲ್ಲ. ಅದು ನನಗಿರಲಿ.

ನನ್ನ ಮಾತು ನಂಬಬೇಡಿ. ಕಂಪ್ಯೂಟರನ್ನೂ ನಂಬಬೇಡಿ. ಒಂದು ಕೆಲಸ ಮಾಡಿ. ಅವನ ತಲೆಗೆ ಆ ಹೆಲ್ಮೆಟ್ ಇಡುವ ಮೊದಲು, ಒಂದು ದಿನ ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ. ಹುಡುಗ ಸಂತೋಷದಿಂದ ಬರುತ್ತಾನೆ, ಬಾಗಿಲಲ್ಲಿ ಟೊಪ್ಪಿ ತೆಗೆದು ನಿಮ್ಮ ಹೆಂಡತಿಗೆ ನಮಸ್ಕಾರ ಹೇಳುತ್ತಾನೆ, ಅಷ್ಟು ಕಲಿಸಿದ್ದೇನೆ. ಹೊಟ್ಟೆ ತುಂಬ ಬಡಿಸಿ. ಆಮೇಲೆ ನಿಮ್ಮ ಬೀದಿಯಲ್ಲಿ ಮೂರು ಮನೆ ಆಚೆ ಅವನನ್ನು ಕರೆದುಕೊಂಡು ಹೋಗಿ, ಆ ಮನೆ ತೋರಿಸಿ, ವಾಪಸು ಬನ್ನಿ. ಒಂದು ತಟ್ಟೆಗೆ ಊಟ ಹಾಕಿ, ಮೇಲೆ ಬೆಳ್ಳಿ ಕಾಗದ ಮುಚ್ಚಿ ಅವನ ಕೈಗೆ ಕೊಡಿ. "ಇದನ್ನ ಅಲ್ಲಿ ಕೊಟ್ಟು ಬಾರಪ್ಪ" ಎನ್ನಿ.

ನೀವು ಜಗಲಿಯಲ್ಲಿ ನಿಂತು ನೋಡಿ. ಅವನು ಎಲ್ಲಿ ನಿಂತುಬಿಡುತ್ತಾನೋ ಅಲ್ಲಿಗೆ ಹೋಗಿ, ಕೈ ಹಿಡಿದು ಕರೆದುಕೊಂಡು ಬನ್ನಿ. ಬೈಯಬೇಡಿ.

ಓಜೆಲ್ಲಾ ಟಿಲ್ಮನ್